ದೀಪ ಕಿತ್ತರು, ನಾವು ಪರ್ಸು ಮುಚ್ಚಿದ್ವಿ

1/9

ಕ್ಲಾಸ್ ಟ್ರಿಪ್ಪಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ. ಉದ್ದ ಇದೆ, ಒಂಬತ್ತು ಭಾಗ. ದಿನಾ ರೀಲ್ಸ್ ನೋಡೋ ಹೊತ್ತಲ್ಲಿ ಕಾಲು ಭಾಗ ಕೊಟ್ಟರೂ ಮುಗಿಯುತ್ತೆ.

ಮೊನ್ನೆ ಗ್ರೂಪಲ್ಲಿ ಓಟು ಹಾಕಿಸಿದ್ರಿ. ಡಿಸೆಂಬರ್ ಕೊನೇ ವಾರ, ಥೀಮ್ ಪಾರ್ಕು, ಬಸ್ಸು ಟಿಕೆಟ್ಟು ಸೇರಿ ತಲೆಗೆ ಇಷ್ಟು ಅಂತ. ಎಲ್ಲರೂ 'ಹೂಂ' ಒತ್ತಿದ್ರಿ, ನಾನೊಬ್ಬಳು 'ಬೇಡ' ಒತ್ತಿದೆ. "ನೀನೇ ಅಲ್ವೇನೇ ಪ್ರತಿ ವರ್ಷ ಅಲ್ಲಿಗೆ ಹೋಗಿ ಫೋಟೋ ಹಾಕ್ತಿದ್ದೋಳು? ಈಗೇನು ಬಂತು?" ಅಂತ ಕೇಳಿದ್ರಿ. ಪ್ರತಿ ವರ್ಷ ಹೋಗ್ತಿದ್ದೋಳು ಅನ್ನೋ ಕಾರಣಕ್ಕೇ ಬೇಡ ಅಂದೆ. ಮೊದಲ ಸಲ ಹೋಗೋರಿಗೆ ಅಲ್ಲಿ ಏನು ಇಲ್ಲ ಅನ್ನೋದು ಕಾಣಲ್ಲ. ನನಗೆ ಕಾಣುತ್ತೆ.

ಈ ಪೋಸ್ಟಿನ ಎರಡು ಫೋಟೋನೂ ನೋಡಿ. ಎರಡೂ ಒಂದೇ ಗೇಟು, ಒಂದೇ ತಿಂಗಳು. ಮೊದಲನೇದರಲ್ಲಿ ನನ್ನ ತಮ್ಮನ ಮುಖದ ಮೇಲೆ ಕೆಂಪು, ಹಸಿರು ಬೆಳಕು ಬಿದ್ದಿದೆ. ಎರಡನೇದರಲ್ಲಿ ಟ್ಯೂಬ್‌ಲೈಟ್ ಬೆಳಕು. ಪಾರ್ಕಿನ ಹೆಸರು ಬರೆಯಲ್ಲ, ನೀವೂ ಕಾಮೆಂಟಲ್ಲಿ ಊಹೆ ಮಾಡಬೇಡಿ. ಒಂದು ಪಾರ್ಕಿನ ಮಾನ ತೆಗೆಯೋಕೆ ಇದನ್ನ ಬರೀತಿಲ್ಲ. "ಹಬ್ಬದ ಅಲಂಕಾರ ದಂಡದ ಖರ್ಚು, ಅದನ್ನ ಮೊದಲು ಕತ್ತರಿಸು" ಅನ್ನೋ ಲೆಕ್ಕಾಚಾರ ತಪ್ಪು ಅಂತ ತೋರಿಸೋಕೆ ಬರೀತಿದೀನಿ.

2/9

ನಮ್ಮನೆ ಟ್ರಿಪ್ಪು ಹೇಗೆ ನಡೀತಿತ್ತು ಅಂತ ಮೊದಲು ಹೇಳ್ತೀನಿ.

ಹೊಳವನಹಳ್ಳಿಯಿಂದ ಥೀಮ್ ಪಾರ್ಕಿಗೆ ಹೋಗೋದು ಅಂದ್ರೆ ಬೆಂಗಳೂರಿನ ಹುಡುಗರು ಸ್ಕೂಟಿ ಹತ್ತಿ ಹೋದಂಗಲ್ಲ. ಅಮ್ಮ ಯುಗಾದಿಯಿಂದಲೇ ಹುಂಡಿಗೆ ದುಡ್ಡು ಹಾಕೋಕೆ ಶುರು ಮಾಡ್ತಾಳೆ. ಸೇವಂತಿಗೆ ಮಾರಿದ ದುಡ್ಡಲ್ಲಿ ಒಂದಿಷ್ಟು, ಡೇರಿಯ ಹಾಲಿನ ಬಿಲ್ಲಲ್ಲಿ ಒಂದಿಷ್ಟು. ತಮ್ಮನ ಹುಟ್ಟಿದ ದಿನ ಬರೋದು ಡಿಸೆಂಬರ್ ಕೊನೇ ವಾರ. ಅವತ್ತು ಹುಂಡಿ ಒಡೀತೀವಿ. ಕತ್ತಲಿರುವಾಗಲೇ ಎದ್ದು, ಚಿತ್ರಾನ್ನ ಕಟ್ಟಿಕೊಂಡು, ಮೊದಲನೇ ಬಸ್ಸು ಹಿಡೀತೀವಿ. ನಾಲ್ಕು ಜನ, ವರ್ಷಕ್ಕೊಂದೇ ದಿನ.

ಮೂರು ವರ್ಷ ಹಂಗೇ ಹೋದ್ವಿ. ಗೇಟಿಂದ ಒಳಗೆ ದಾರಿ ಉದ್ದಕ್ಕೂ ನಕ್ಷತ್ರ ತೂಗುಹಾಕ್ತಿದ್ರು. ನಡುವಿನ ಅಂಗಳದಲ್ಲಿ ಎರಡು ಮಹಡಿ ಎತ್ತರದ ಕ್ರಿಸ್‌ಮಸ್ ಮರ. ಸಂಜೆ ಆರೂವರೆಗೆ ಬ್ಯಾಂಡು ಶುರುವಾಗಿ, ಎಲ್ಲ ದೀಪ ಒಟ್ಟಿಗೆ ಹತ್ತೋದು. ನನ್ನ ತಮ್ಮ ವರ್ಷ ಪೂರ್ತಿ ನೆನೆಸಿಕೊಳ್ತಿದ್ದಿದ್ದು ಆ ಕ್ಷಣಾನ. ಯಾವ ರೈಡಲ್ಲಿ ಕೂತಿದ್ದ ಅಂತ ಕೇಳಿದ್ರೆ ಅವನಿಗೆ ನೆನಪಿರಲಿಲ್ಲ.

ನಾಲ್ಕನೇ ವರ್ಷ ಹೋದ್ವಿ. ಟಿಕೆಟ್ ಏರಿತ್ತು, ಇರಲಿ, ಎಲ್ಲಾದೂ ಏರುತ್ತೆ. ಒಳಗೆ ಹೋದರೆ ಗೇಟಿಗೊಂದು ಕಮಾನು, ಅಷ್ಟೇ. ಮರ ಇಲ್ಲ, ನಕ್ಷತ್ರ ಇಲ್ಲ, ಬ್ಯಾಂಡಿನ ಜಾಗದಲ್ಲಿ ಐಸ್‌ಕ್ರೀಮ್ ಗಾಡಿ. ನಾಲ್ಕು ಗಂಟೆ ಹೊತ್ತಿಗೆ ತಮ್ಮ ಕೇಳಿದ: "ಅಕ್ಕಾ, ಹಬ್ಬ ಮುಗಿದೋಯ್ತಾ?"

ಹಬ್ಬ ಮುಗಿದಿರಲಿಲ್ಲ. ಇನ್ನೂ ವಾರ ಇತ್ತು.

3/9

ಈ ಫೋಟೋ ಅಮ್ಮನ ಖರ್ಚಿನ ಪುಸ್ತಕದ್ದು. ಅಮ್ಮನ ಅಕ್ಷರ ನೋಡಿ ನಗಬೇಡಿ, ಲೆಕ್ಕ ನೋಡಿ.

ದೀಪ ಇದ್ದ ವರ್ಷ ಟಿಕೆಟ್ ಬಿಟ್ಟು ಪಾರ್ಕಿನ ಒಳಗೆ ಖರ್ಚಾಗಿದ್ದು: ಮಧ್ಯಾಹ್ನದ ಊಟ 1,120. ಸಂಜೆ ಜೋಳ, ಬಜ್ಜಿ, ಕಾಫಿ 480. ಮರದ ಮುಂದೆ ತೆಗೆಸಿ ಫ್ರೇಮ್ ಹಾಕಿಸಿದ ಫೋಟೋ 350. ತಮ್ಮನಿಗೆ ದೀಪ ಹತ್ತೋ ಟೋಪಿ 250. ಒಟ್ಟು 2,200 ರೂಪಾಯಿ.

ದೀಪ ಇಲ್ಲದ ವರ್ಷ: ಮಧ್ಯಾಹ್ನದ ಊಟ 1,160. ಆಮೇಲೆ ಗೆರೆ. ಅಷ್ಟೇ.

ನಾವೇನೂ ಸಿಟ್ಟು ಮಾಡಿಕೊಂಡು ಖರ್ಚು ನಿಲ್ಲಿಸಲಿಲ್ಲ. ಪಾರ್ಕಿಗೆ ಬುದ್ಧಿ ಕಲಿಸಬೇಕು ಅಂತಾನೂ ಅಂದುಕೊಳ್ಳಲಿಲ್ಲ. ಸಂಜೆ ತನಕ ಕಾಯೋಕೆ ಕಾರಣ ಇರಲಿಲ್ಲ, ನಾಲ್ಕೂವರೆಗೆ ಗೇಟಿಂದ ಹೊರಗೆ ಬಂದ್ವಿ. ಬಂದಮೇಲೆ ಸಂಜೆ ಕಾಫಿ ಯಾರಿಗೆ ಬೇಕು? ಮರಾನೇ ಇಲ್ಲದಿದ್ದಾಗ ಯಾವುದರ ಮುಂದೆ ನಿಂತು ಫೋಟೋ? ಕತ್ತಲೇ ಆಗದಿದ್ದಾಗ ದೀಪ ಹತ್ತೋ ಟೋಪಿ ಯಾಕೆ? ಬಸ್‌ಸ್ಟ್ಯಾಂಡ್ ಹತ್ತಿರ ಇಡ್ಲಿ ತಿಂದು ಊರಿಗೆ ಬಂದ್ವಿ.

ಟಿಕೆಟ್ಟಲ್ಲಿ ಏರಿಸಿ ತಗೊಂಡಿದ್ದಕ್ಕಿಂತ ಹೆಚ್ಚು ದುಡ್ಡನ್ನ ಪಾರ್ಕು ನಮ್ಮೊಂದು ಮನೆಯಿಂದಲೇ ಕಳಕೊಂಡಿತು. 1,080 ರೂಪಾಯಿ ಒಳಗೆ ಖರ್ಚಾಗದೆ ಅಮ್ಮನ ಸೆರಗಿನ ಗಂಟಲ್ಲಿ ಊರಿಗೆ ವಾಪಸ್ ಬಂತು. ಯಾರೂ ದೂರು ಬರೆಯಲಿಲ್ಲ. ಫೀಡ್‌ಬ್ಯಾಕ್ ಫಾರ್ಮಲ್ಲಿ ಅಪ್ಪ ಎಲ್ಲದಕ್ಕೂ 'ಚೆನ್ನಾಗಿದೆ' ಅಂತ ಟಿಕ್ ಹಾಕಿದ್ರು. ಹಳೇ ಗಿರಾಕಿ ಬೇಜಾರಾದ್ರೆ ಜಗಳ ಆಡಲ್ಲ ಕಣ್ರೋ, ಸುಮ್ಮನಾಗ್ತಾನೆ. ಆ ಸುಮ್ಮನಿರೋದು ಯಾವ ಫಾರ್ಮಲ್ಲೂ ಬರಲ್ಲ.

4/9

"ಒಂದು ಮನೆ ಕಥೆ ಇಟ್ಕೊಂಡು ಭಾಷಣ ಮಾಡಬೇಡ" ಅಂತ ಕಾಮರ್ಸ್ ಸೆಕ್ಷನ್‌ನೋರು ಹೇಳ್ತೀರ. ಸರಿ, ವ್ಯವಹಾರಕ್ಕೇ ಬರೋಣ.

ಥೀಮ್ ಪಾರ್ಕಿಗೆ ದುಡ್ಡು ಬರೋದು ಎರಡು ಕಡೆಯಿಂದ. ಒಂದು ಗೇಟಿನ ಟಿಕೆಟ್ಟು. ಇನ್ನೊಂದು ಒಳಗಿನ ಊಟ, ತಿಂಡಿ, ಬಟ್ಟೆ, ಆಟಿಕೆ, ಫೋಟೋ, ಲಾಕರು. ಬಿಡದಿಯಲ್ಲಿ 2005ರಿಂದ ಇರೋ ವಂಡರ್‌ಲಾ ನಿಮಗೆಲ್ಲ ಗೊತ್ತು. ಆ ಕಂಪನಿ 2014ರಲ್ಲಿ ಷೇರು ಮಾರುಕಟ್ಟೆಗೆ ಬಂತು, ಹಾಗಾಗಿ ಅದರ ಲೆಕ್ಕ ಯಾರು ಬೇಕಾದರೂ ಓದಬಹುದು. ಅದರಲ್ಲಿ ಟಿಕೆಟ್ ಆದಾಯ, ಟಿಕೆಟ್ ಅಲ್ಲದ ಆದಾಯ ಅಂತ ಬೇರೆ ಬೇರೆ ತೋರಿಸ್ತಾರೆ, ತಲೆಗೆ ಎಷ್ಟು ಬಂತು ಅಂತ ಲೆಕ್ಕ ಹಾಕ್ತಾರೆ. (ನಾನು ಬೈತಿರೋ ಪಾರ್ಕು ಇದಲ್ಲ. ಲೆಕ್ಕ ಅರ್ಥ ಆಗಲಿ ಅಂತ ಹೇಳಿದೆ.)

ಈಗ ಯೋಚನೆ ಮಾಡಿ. ಟಿಕೆಟ್ಟು ಒಂದೇ ಸಲ. ನೀವು ಒಳಗೆ ಎರಡು ಗಂಟೆ ಇದ್ದರೂ ಅಷ್ಟೇ, ಹತ್ತು ಗಂಟೆ ಇದ್ದರೂ ಅಷ್ಟೇ. ಆದರೆ ಎರಡನೇ ದಾರಿಯ ದುಡ್ಡು ಬರೋದು ನೀವು ಒಳಗೆ ಉಳಿದಷ್ಟು ಹೊತ್ತು. ಹೊಟ್ಟೆ ಗಡಿಯಾರ ನೋಡಿ ಹಸಿಯುತ್ತೆ. ಮಧ್ಯಾಹ್ನ ಒಂದಕ್ಕೆ ಒಂದು ಸಲ, ಐದೂವರೆಗೆ ಇನ್ನೊಂದು ಸಲ, ಎಂಟಕ್ಕೆ ಮತ್ತೊಂದು ಸಲ. ನಾಲ್ಕೂವರೆಗೆ ಹೊರಟವನು ಒಂದೇ ಸಲ ತಿಂದಿರ್ತಾನೆ.

ಹಬ್ಬದ ದೀಪ ಮಾಡೋ ಕೆಲಸ ಇದೇ. ಅದು ಕತ್ತಲಾಗೋ ತನಕ ಜನಾನ ಹಿಡಿದು ನಿಲ್ಲಿಸುತ್ತೆ. ರೈಡು ಹಗಲನ್ನ ಮಾರುತ್ತೆ, ದೀಪ ಸಂಜೇನ ಮಾರುತ್ತೆ. ಕರೆಂಟ್ ಬಿಲ್ಲು, ಕಟ್ಟೋರ ಕೂಲಿ, ಬಾಡಿಗೆ ಇವೆಲ್ಲ ಮ್ಯಾನೇಜರ್ ಕಣ್ಣಿಗೆ ಒಂದೇ ಸಾಲಲ್ಲಿ ಕಾಣುತ್ತೆ. ಆ ದೀಪದಿಂದ ಮಾರಾಟವಾದ ಕಾಫಿ, ಬಜ್ಜಿ, ಫೋಟೋ ಮಾತ್ರ ಬೇರೆ ಬೇರೆ ಅಂಗಡಿ ಲೆಕ್ಕದಲ್ಲಿ ಚದುರಿಹೋಗಿರುತ್ತೆ. ಅದಕ್ಕೇ ಖರ್ಚು ದೊಡ್ಡದಾಗಿ ಕಾಣುತ್ತೆ, ಲಾಭ ಕಾಣೋದೇ ಇಲ್ಲ. ಕತ್ತರಿ ಮೊದಲು ಅಲ್ಲಿಗೇ ಬೀಳುತ್ತೆ.

5/9

ನಂಬಿಕೆ ಬರಲಿಲ್ವಾ? ಲಾಲ್‌ಬಾಗಿಗೆ ಬನ್ನಿ. ಇದು ಕಂಪನಿ ಪಾರ್ಕಲ್ಲ, ತೋಟಗಾರಿಕೆ ಇಲಾಖೆಯದು. ಆದರೆ ಅಲಂಕಾರದ ಬಲ ಅಳೆಯೋಕೆ ಇದಕ್ಕಿಂತ ಒಳ್ಳೇ ಜಾಗ ಕರ್ನಾಟಕದಲ್ಲಿ ಸಿಗಲ್ಲ.

ಲಾಲ್‌ಬಾಗಿನ ಮರ, ಕೆರೆ, ಬಂಡೆ ವರ್ಷ ಪೂರ್ತಿ ಅಲ್ಲೇ ಇರುತ್ತೆ. ಗಾಜಿನ ಮನೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಅದೂ ಎಲ್ಲಿಗೂ ಹೋಗಲ್ಲ. ಹಂಗಿದ್ದ ಮೇಲೆ ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನ ಆ ಕೆಲವು ದಿನಕ್ಕೇ ಯಾಕೆ ಜನ ಮುಗಿಬೀಳ್ತಾರೆ? ಟಿಕೆಟ್ ಮಾಮೂಲಿಗಿಂತ ಜಾಸ್ತಿ, ಕ್ಯೂ ಉದ್ದ, ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಆದರೂ ಬರ್ತಾರೆ. ಬರೋದು ಹೂವಿನ ಅಲಂಕಾರಕ್ಕೆ.

ಕೊರೊನಾದಲ್ಲಿ ನಿಂತಿದ್ದ ಫಲಪುಷ್ಪ ಪ್ರದರ್ಶನ 2022ರ ಆಗಸ್ಟಲ್ಲಿ ಮತ್ತೆ ನಡೆದಾಗ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ನೆನಪಿಗೆ ಅರ್ಪಿಸಿದ್ರು. ಗಾಜನೂರಿನ ಮನೆಯನ್ನ ಹೂವಲ್ಲಿ ಕಟ್ಟಿದ್ರು. ಅಪ್ಪು ಹೋಗಿ ಆಗ ವರ್ಷ ಕೂಡ ತುಂಬಿರಲಿಲ್ಲ. ನಮ್ಮ ಕಡೆಯಿಂದಲೂ ಜನ ಗಾಡಿ ಮಾಡಿಕೊಂಡು ಹೋಗಿದ್ದು ನಿಮಗೇ ನೆನಪಿರಬೇಕು. ಹೂವಿನ ಮುಂದೆ ನಿಂತು ಅತ್ತೋರನ್ನ ನಾನೇ ನೋಡಿದೀನಿ. ಹೊರಗೆ ಬಂದಮೇಲೆ ಅದೇ ಜನ ಚುರುಮುರಿ ತಿಂದ್ರು, ಕಬ್ಬಿನ ಹಾಲು ಕುಡಿದ್ರು, ಕೈಯಲ್ಲಿ ಒಂದೊಂದು ಹೂವಿನ ಗಿಡ ಹಿಡಕೊಂಡು ಬಸ್ಸು ಹತ್ತಿದ್ರು.

ಅದೇ ಮರ, ಅದೇ ದಾರಿ. ಬದಲಾಗಿದ್ದು ಅಲಂಕಾರ ಒಂದೇ. 'ಬರೀ ಅಲಂಕಾರ' ಅನ್ನೋ ಮಾತನ್ನ ಇನ್ಮೇಲೆ ನನ್ನ ಮುಂದೆ ಆಡಬೇಡಿ.

6/9

ಮೈಸೂರಿಗೂ ಹೋಗಿಬರೋಣ. ಅರಮನೆಗೆ ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು. ದಸರಾಕ್ಕೆ ಊರಿನ ರಸ್ತೆ ಮೇಲೆ ಸೆಸ್ಕ್‌ನೋರು ನೂರು ಕಿಲೋಮೀಟರಿಗೂ ಮೀರಿ ದೀಪ ಕಟ್ತಾರೆ. ಜಂಬೂಸವಾರಿ ಒಂದೇ ದಿನದ್ದು, ದೀಪ ಎಲ್ಲಾ ದಿನದ್ದು. ಈಚಿನ ವರ್ಷಗಳಲ್ಲಿ ವಿಜಯದಶಮಿ ಮುಗಿದ ಮೇಲೂ ದೀಪ ಮುಂದುವರಿಸ್ತಿದಾರೆ. ಆನೆ ಕಾಡಿಗೆ ಹೊರಟ ಮೇಲೂ ದೀಪ ಯಾಕೆ? ದೀಪ ಇದ್ದಷ್ಟು ದಿನ ಜನ ರಾತ್ರಿ ಉಳೀತಾರೆ. ಉಳಿದವರಿಗೆ ರೂಮು ಬೇಕು, ಊಟ ಬೇಕು, ಟಾಂಗಾ ಬೇಕು, ಮೈಸೂರು ಪಾಕ್ ಬೇಕು.

ಅಷ್ಟು ದೂರ ಬೇಡ ಅಂದ್ರೆ ನಮ್ಮ ಜಾತ್ರೆಗಳೇ ಇವೆ. ನನ್ನ ಸೋದರಮಾವ ಶಾಮಿಯಾನ, ಸೀರಿಯಲ್ ಸೆಟ್ಟು ಬಾಡಿಗೆಗೆ ಕೊಡ್ತಾರೆ ಅಂತ ನಿಮಗೆ ಗೊತ್ತು. ಒಂದು ಊರಿನ ಜಾತ್ರೆಯಲ್ಲಿ ಕಮಿಟಿಯೋರು ದುಡ್ಡು ಉಳಿಸೋಕೆ ದೇವಸ್ಥಾನದ ಮುಂದೆ ಮಾತ್ರ ಲೈಟು ಸಾಕು, ಕೆರೆ ಏರಿ ಕಡೆ ಬೇಡ ಅಂದ್ರಂತೆ. ಮಾವ ಕಟ್ಟಲಿಲ್ಲ. ಆ ಕಡೆ ಸಾಲಲ್ಲಿ ಬಳೆ ಅಂಗಡಿ, ಬೆಂಡು ಬತ್ತಾಸು, ಪೀಪಿ ಮಾರೋರು ಇದ್ರು. ಕತ್ತಲಲ್ಲಿ ಹೆಣ್ಣುಮಕ್ಕಳು ಆ ಕಡೆ ಹೆಜ್ಜೆ ಇಡಲಿಲ್ಲ. ಬಳೆ ಅಂಗಡಿ ಅಜ್ಜಿ ಗಂಟು ಬಿಚ್ಚಿದ್ದನ್ನ ಹಂಗೇ ಕಟ್ಟಿಕೊಂಡು ಹೋದಳಂತೆ. ಮಾರನೇ ವರ್ಷ ಆ ಅಜ್ಜಿ ಬರಲೇ ಇಲ್ಲ.

ಮಾವ ಹೇಳೋದು ಒಂದೇ ಮಾತು: "ನಾನು ಕಟ್ಟೋದು ಲೈಟಲ್ಲ ಕಣವ್ವ, ಜನ ನಡೆಯೋ ದಾರಿ."

7/9

ಇನ್ನು ಇಡೀ ಪ್ರಪಂಚಕ್ಕೆ ಥೀಮ್ ಪಾರ್ಕು ಹೇಳಿಕೊಟ್ಟ ಡಿಸ್ನಿ ಕಡೆ ನೋಡೋಣ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಆ ಮೊದಲ ವರ್ಷಗಳದ್ದು ಅಂತ ಒಂದು ಪ್ರಸಂಗ ವಾಲ್ಟ್ ಡಿಸ್ನಿ ಬಗ್ಗೆ ಬರೆಯೋರೆಲ್ಲ ಹೇಳ್ತಾರೆ. ಕ್ರಿಸ್‌ಮಸ್ಸಿಗೆ ದೊಡ್ಡ ಮೆರವಣಿಗೆ ಮಾಡಬೇಕು ಅಂತ ಅವನ ಆಸೆ. ಲೆಕ್ಕದವರು ಬೇಡ ಅಂದ್ರು: ರಜೆಯಲ್ಲಿ ಜನ ಹೆಂಗೂ ಬರ್ತಾರೆ, ಸುಮ್ಮನೆ ಯಾಕೆ ಖರ್ಚು? ಅವನ ಉತ್ತರದ ಸಾರ ಇಷ್ಟು: ಯಾರೂ ನಿರೀಕ್ಷೆ ಮಾಡ್ತಿಲ್ಲ ಅನ್ನೋದಕ್ಕೇ ಮಾಡಬೇಕು. ಅವರು ಒಂದು ಸಲ ಬರೋದು ನಿಲ್ಲಿಸಿದ್ರೆ ವಾಪಸ್ ಕರೆತರೋಕೆ ಇದರ ಹತ್ತರಷ್ಟು ಸುರೀಬೇಕಾಗುತ್ತೆ.

ಇನ್ನೊಂದು. ಅಮೆರಿಕದ ಲಿಟಲ್ ರಾಕ್ ಊರಲ್ಲಿ ಜೆನ್ನಿಂಗ್ಸ್ ಆಸ್ಬೋರ್ನ್ ಅನ್ನೋನು ತನ್ನ ಮಗಳಿಗೋಸ್ಕರ ಮನೆಗೆ ಕ್ರಿಸ್‌ಮಸ್ ದೀಪ ಕಟ್ಟೋಕೆ ಶುರು ಮಾಡಿದ. ವರ್ಷ ವರ್ಷ ಏರಿ ಲಕ್ಷಗಟ್ಟಲೆ ಬಲ್ಬು ಆಯ್ತು. ನೋಡೋಕೆ ಬರೋರ ಕಾರಿನಿಂದ ಬೀದಿ ಕಟ್ಟಿಕೊಂಡು, ಅಕ್ಕಪಕ್ಕದವರು ಕೋರ್ಟಿಗೆ ಹೋದ್ರು. ಕೊನೆಗೆ 1995ರಲ್ಲಿ ಡಿಸ್ನಿಯೋರು ಆ ದೀಪಗಳನ್ನೇ ಫ್ಲಾರಿಡಾದ ತಮ್ಮ ಪಾರ್ಕಿಗೆ ತಂದು ಕಟ್ಟಿದ್ರು. ಹೊಸ ಆಟಗಳಿಗೆ ಜಾಗ ಬೇಕಾಗಿ 2016ರ ಜನವರಿಯಲ್ಲಿ ಕೊನೆಯಾಗೋ ತನಕ ಇಪ್ಪತ್ತು ವರ್ಷ ಜನ ಆ ದೀಪಕ್ಕೇ ಅಂತ ಬಂದ್ರು. ಅದರಲ್ಲಿ ರೈಡು ಇರಲಿಲ್ಲ, ಕೂರೋಕೆ ಸೀಟಿರಲಿಲ್ಲ. ಬರೀ ದೀಪ ಕಟ್ಟಿದ ಬೀದಿ.

'ಹೆಂಗೂ ಬರ್ತಾರೆ'. ಈ ಎರಡು ಪದ ಗಮನಿಸಿ. ಅಲಂಕಾರ ಕತ್ತರಿಸೋರ ತಲೆಯಲ್ಲಿ ಇರೋದು ಇದೇ. ಹೊಸಬರನ್ನ ಸೆಳೆಯೋಕೆ ಹೋರ್ಡಿಂಗು, ಆಫರು, ಇನ್‌ಫ್ಲುಯೆನ್ಸರು. ಹಳಬರಿಗೆ? ಅವರು ಹೆಂಗೂ ಬರ್ತಾರೆ. ಮನೆ ಹಸುಗೆ ಹಿಂಡಿ ಬೇಡ, ಹೆಂಗೂ ಹಾಲು ಕೊಡುತ್ತೆ ಅಂದಂಗೆ. ಕೊಡುತ್ತೆ, ಒಂದಷ್ಟು ದಿನ.

8/9

ನೀವು ಎತ್ತೋ ಆಕ್ಷೇಪಣೆಗಳಿಗೆ ಇಲ್ಲೇ ಉತ್ತರ ಕೊಟ್ಟುಬಿಡ್ತೀನಿ.

"ರೈಡು ಮುಖ್ಯ, ಮೂಗಿಗಿಂತ ಮೂಗುತಿ ಭಾರ ಆಗಬಾರದು." ಒಪ್ಪಿದೆ. ರೈಡಿನ ಸುರಕ್ಷತೆ, ನೀರಿನ ಸ್ವಚ್ಛತೆ, ಕೆಲಸದವರ ಸಂಬಳ ಇವನ್ನ ಕತ್ತರಿಸಿ ದೀಪ ಹಚ್ಚಿ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಮೂಗುತಿ ಕಿತ್ತುಕೊಂಡು, ಮೂಗಿನ ರೇಟು ಏರಿಸೋದು ಯಾವ ನ್ಯಾಯ?

"ನಮ್ಮ ಪಂಪ್‌ಸೆಟ್ಟಿಗೆ ಕರೆಂಟಿಲ್ಲ, ಅವರಿಗೆ ದೀಪದ ಶೋಕಿನಾ?" ಈ ಮಾತು ನನಗೂ ತಟ್ಟುತ್ತೆ. 2023ರ ಬರದಲ್ಲಿ ನಮ್ಮಪ್ಪ ರಾತ್ರಿ ಎರಡಕ್ಕೆ ಎದ್ದು ಮೋಟರ್ ಹಾಕೋಕೆ ಹೋಗ್ತಿದ್ದನ್ನ ನೋಡಿದೀನಿ. ನಮ್ಮ ಪಾವಗಡದ ಸೋಲಾರ್ ಪಾರ್ಕಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಇದೆ, ಬೆಳಕು ಉರಿಯೋದು ಇನ್ನೆಲ್ಲೋ ಅಂತ ನಾವೇ ಜೋಕ್ ಮಾಡ್ತೀವಿ. ಅದೇ ವರ್ಷ ಸರ್ಕಾರ ಮೈಸೂರು ದಸರಾನ ಆಡಂಬರ ಇಲ್ಲದೆ ಸಾಂಪ್ರದಾಯಿಕವಾಗಿ ಮಾಡ್ತೀವಿ ಅಂತ ಮುಂಚೇನೇ ಹೇಳಿತು, ಕಾರಣಾನೂ ಹೇಳಿತು. ಜನ ಒಪ್ಪಿಕೊಂಡ್ರು. ಕಷ್ಟ ಬಂದಾಗ ಕಮ್ಮಿ ಮಾಡೋದು ತಪ್ಪಲ್ಲ. ಹೇಳದೆ ಕಮ್ಮಿ ಮಾಡಿ, ಹಳೇ ಫೋಟೋ ಹಾಕಿ ಜಾಹೀರಾತು ಕೊಟ್ಟು, ಪೂರ್ತಿ ದುಡ್ಡು ವಸೂಲಿ ಮಾಡೋದು ತಪ್ಪು. ಪಾರ್ಕಿನೋರು ಉಳಿಸಿದ ಕರೆಂಟು ನಮ್ಮಪ್ಪನ ಮೋಟರಿಗೆ ಬರಲಿಲ್ಲ. ಉಳಿಸಿದ ದುಡ್ಡು ಟಿಕೆಟ್ಟಲ್ಲೂ ಇಳಿಯಲಿಲ್ಲ.

"ಇದು ಶ್ರೀಮಂತರ ಸಮಸ್ಯೆ." ತಪ್ಪು. ವಾರಕ್ಕೊಂದು ಕಡೆ ಹೋಗೋರಿಗೆ ಒಂದು ಸಂಜೆ ಕೆಟ್ಟರೆ ಏನೂ ಆಗಲ್ಲ. ವರ್ಷಕ್ಕೆ ಒಂದೇ ಸಲ ಹುಂಡಿ ಒಡೆಯೋರಿಗೆ ಅದೊಂದೇ ಸಂಜೆ. ಆ ಸಂಜೆಗೆ ಕತ್ತರಿ ಹಾಕಿದ್ರೆ ನಮಗೆ ಇನ್ನೊಂದಿಲ್ಲ. ದೀಪ ಕಟ್ಟೋ ಕೂಲಿ ಹುಡುಗರು, ಕಮಾನಿಗೆ ಹೂವು ಕೊಡೋ ನಮ್ಮಂಥ ಬೆಳೆಗಾರರು, ಇವರೂ ಶ್ರೀಮಂತರಲ್ಲ. ಸೇವಂತಿಗೆ ಕೆ.ಜಿ.ಗೆ ಎಷ್ಟಕ್ಕೆ ಇಳಿದಾಗ ರಸ್ತೆಗೆ ಸುರೀತಾರೆ ಅಂತ ನಿಮ್ಮ ಅಪ್ಪಂದಿರನ್ನ ಕೇಳಿ.

9/9

ಹಂಗಾದ್ರೆ ಟ್ರಿಪ್ಪೇ ಬೇಡ್ವಾ? ಹಂಗೇನೂ ಹೇಳ್ತಿಲ್ಲ. ದುಡ್ಡು ಕಟ್ಟೋ ಮುಂಚೆ ಮೂರು ಕೆಲಸ ಮಾಡೋಣ ಅಂತಿದೀನಿ.

ಒಂದು, ನಮ್ಮ ಕ್ಲಾಸ್ ರೆಪ್ ಪಾರ್ಕಿಗೆ ಫೋನ್ ಮಾಡಿ ಕೇಳಲಿ: ಈ ಡಿಸೆಂಬರಿಗೆ ಏನೇನು ಅಲಂಕಾರ, ಯಾವತ್ತಿಂದ ಯಾವತ್ತಿನವರೆಗೆ, ಎಷ್ಟು ಗಂಟೆಗೆ ದೀಪ ಹತ್ತುತ್ತೆ? ಬಾಯಿಮಾತು ಬೇಡ, ಮೆಸೇಜಲ್ಲಿ ಬರೆದು ಕಳಿಸಲಿ. ನಲವತ್ತೆಂಟು ಟಿಕೆಟ್ಟಿನ ಗುಂಪು ಕೇಳಿದ್ರೆ ಉತ್ತರ ಕೊಡ್ತಾರೆ.

ಎರಡು, ಹೋಗಿಬಂದ ಮೇಲೆ ಫೀಡ್‌ಬ್ಯಾಕ್ ಫಾರ್ಮಲ್ಲಿ ನಿಜ ಬರೀರಿ. ನಮ್ಮಪ್ಪನ ಥರ 'ಚೆನ್ನಾಗಿದೆ' ಅಂತ ಟಿಕ್ ಹಾಕಿ ಬರಬೇಡಿ. "ದೀಪ ಇದ್ದಿದ್ರೆ ರಾತ್ರಿ ಊಟಾನೂ ಇಲ್ಲೇ ಮಾಡ್ತಿದ್ವಿ" ಅಂತ ಬರೀರಿ. ಬೇಜಾರಾಯ್ತು ಅನ್ನೋದು ಮ್ಯಾನೇಜರಿಗೆ ಅರ್ಥ ಆಗದಿರಬಹುದು, ನಲವತ್ತೆಂಟು ಊಟ ಹೋಯ್ತು ಅನ್ನೋದು ಖಂಡಿತ ಅರ್ಥ ಆಗುತ್ತೆ.

ಮೂರು, ಸರಿಯಾದ ಉತ್ತರ ಬರದಿದ್ರೆ ಟ್ರಿಪ್ಪನ್ನ ಒಂದು ತಿಂಗಳು ಮುಂದೆ ಹಾಕಿ, ಜನವರಿ 26ರ ಹೊತ್ತಿಗೆ ಲಾಲ್‌ಬಾಗಿಗೆ ಹೋಗೋಣ. ಉಳಿದ ದುಡ್ಡಲ್ಲಿ ಎಲ್ಲರೂ ಹೊಟ್ಟೆ ತುಂಬಾ ದೋಸೆ ತಿಂದು, ಮನೆಗೊಂದು ಗಿಡ ತರೋಣ. ಹೂವು ಬೆಳೆಯೋ ಊರಿನ ಮಕ್ಕಳು ನಾವು, ಹೂವಿಗೆ ಮರ್ಯಾದೆ ಕೊಡೋ ಕಡೆ ದುಡ್ಡು ಕೊಡೋಣ.

ಪಾರ್ಕಿನೋರು ಯಾರಾದ್ರೂ ಓದ್ತಿದ್ರೆ ನಿಮಗೂ ಒಂದು ಮಾತು. ನಾವು ಶತ್ರುಗಳಲ್ಲ. ನಿಮ್ಮ ಗೇಟಿನ ಮುಂದೆ ಬೆಳೆದ ಮಕ್ಕಳು. ಮರ ಚಿಕ್ಕದಾದ್ರೂ ಪರವಾಗಿಲ್ಲ, ನಕ್ಷತ್ರ ಅರ್ಧಕ್ಕಿಳಿದ್ರೂ ಪರವಾಗಿಲ್ಲ. ಆರೂವರೆಗೆ ಎಲ್ಲಾ ದೀಪ ಒಟ್ಟಿಗೆ ಹತ್ತೋ ಆ ಒಂದು ಕ್ಷಣ ಉಳಿಸಿಕೊಳ್ಳಿ. ನಮ್ಮ ತುಮಕೂರು ಸೀಮೆ ಅಡಿಕೆ ಸೀಮೆ, ಹಿರಿಯರು ಹೇಳೋ ಗಾದೆ ನಿಮಗೂ ಗೊತ್ತಿರಬೇಕು: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ.

ಈ ವರ್ಷವೂ ಅಮ್ಮ ಹುಂಡಿಗೆ ದುಡ್ಡು ಹಾಕಿದಾಳೆ. ಎಲ್ಲಿಗೆ ಹೋಗೋಣ ಅಂತ ನಿನ್ನೆ ತಮ್ಮನನ್ನ ಕೇಳಿದೆ. "ದೀಪ ಇರೋ ಕಡೆ" ಅಂದ.

ಒಪ್ಪದಿದ್ದೋರು ಕಾಮೆಂಟಲ್ಲಿ ಬೈಯಿರಿ, ಒಂಬತ್ತೂ ಓದಿ ಬೈಯಿರಿ. ಒಪ್ಪಿದೋರು ಕ್ಲಾಸ್ ಗ್ರೂಪಿಗೆ ಶೇರ್ ಮಾಡಿ. ಓಟು ಇನ್ನೂ ಮುಚ್ಚಿಲ್ಲ.

#ಹೊಳವನಹಳ್ಳಿ #ಕೊರಟಗೆರೆ #ಕ್ಲಾಸ್‌ಟ್ರಿಪ್ #ದೀಪಇರೋಕಡೆ